ಗ್ರೀಸಿನ ಬೆಟ್ಟಗಳೂ ಅಲ್ಲಿನ ಮಳೆಯೂ

ಕೇಳುಗರೆಲ್ಲರಿಗೂ ನಮಸ್ಕಾರ. ಗ್ರೀಸ್ ದೇಶದ ಭೂರಚನೆ ಮತ್ತು ವಾಯುಗುಣದ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಗ್ರೀಸ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆಂದು ನಾನು ಬಲ್ಲೆ: ನೀಲಿ ಕಡಲು, ಸುಣ್ಣ ಬಳಿದ ಬಿಳಿ ಮನೆಗಳು, ಅವುಗಳ ನಡುವೆ ಒಂದು ನೀಲಿ ಗುಮ್ಮಟ. ಗೋಡೆಯ ಕ್ಯಾಲೆಂಡರುಗಳು ನಮಗೆ ಕಲಿಸಿದ ಗ್ರೀಸ್ ಅದು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳ ಮನಸ್ಸಿನಿಂದ ಈ ಚಿತ್ರವನ್ನು ಒರೆಸಿದ ಮೇಲೆಯೇ ಪಾಠ ಆರಂಭಿಸುತ್ತಿದ್ದೆ. ಇವತ್ತೂ ಹಾಗೆಯೇ ಮಾಡುತ್ತೇನೆ. ಆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಬೆಟ್ಟಗುಡ್ಡಗಳು. ನಾನು ಹೇಳುವ ಉಳಿದದ್ದನ್ನೆಲ್ಲ ಮರೆತರೂ ಚಿಂತೆಯಿಲ್ಲ, ಇದೊಂದನ್ನು ನೆನಪಿಡಿ: ಗ್ರೀಸಿನಲ್ಲಿ ಮಳೆಯನ್ನು ಹಂಚುವುದು ಬೆಟ್ಟ.

ಗ್ರೀಸ್ ದೊಡ್ಡ ದೇಶವೇನಲ್ಲ. ಅದರ ವಿಸ್ತೀರ್ಣ ಸುಮಾರು 1,32,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕವೇ ಅದಕ್ಕಿಂತ ದೊಡ್ಡದು. ಆದರೆ ಕರಾವಳಿಯ ಉದ್ದ 13,000 ಕಿಲೋಮೀಟರ್‌ಗಿಂತ ಹೆಚ್ಚು. ಕಡಲು ಕೊಲ್ಲಿ ಕೊಲ್ಲಿಯಾಗಿ ಒಳನುಗ್ಗಿದೆ, ಸಾವಿರಾರು ದ್ವೀಪಗಳು ಚದುರಿ ಬಿದ್ದಿವೆ. ಹೀಗೆ ಎಲ್ಲ ಕಡೆಯೂ ಇರುವ ಕಡಲು ಒಂದು ಊರಿಗೂ ಇನ್ನೊಂದು ಊರಿಗೂ ಇರುವ ಮಳೆಯ ವ್ಯತ್ಯಾಸವನ್ನು ಹೇಗೆ ತಾನೇ ವಿವರಿಸೀತು? ಪಶ್ಚಿಮದ ಕಾರ್ಫು ದ್ವೀಪದಲ್ಲಿ ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ ಬೀಳುತ್ತದೆ, ಪೂರ್ವದ ಅಥೆನ್ಸಿನಲ್ಲಿ ಸುಮಾರು 400 ಮಿಲಿಮೀಟರ್. ಎರಡೂ ಕಡಲಂಚಿನ ಊರುಗಳೇ. ಇವೆರಡರ ನಡುವೆ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಬೆನ್ನೆಲುಬಿನಂತೆ ಹಬ್ಬಿ ನಿಂತಿರುವುದು ಪಿಂಡಸ್ ಪರ್ವತಶ್ರೇಣಿ. ಅದರ ಅತ್ಯುನ್ನತ ಶಿಖರ ಸ್ಮೋಲಿಕಾಸ್, 2,637 ಮೀಟರ್.

ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ನಮ್ಮವರಿಗೆ ಮೊದಲು ವಿಚಿತ್ರವೆನಿಸುವುದು ಇದೇ. ಅಕ್ಟೋಬರಿನಿಂದ ಮಾರ್ಚಿನವರೆಗೆ ಪಶ್ಚಿಮದಿಂದ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಅಯೋನಿಯನ್ ಸಮುದ್ರದ ತೇವವನ್ನು ಹೊತ್ತು ಬರುತ್ತವೆ, ಪಿಂಡಸ್‌ಗೆ ಡಿಕ್ಕಿ ಹೊಡೆದು ಮೇಲೇರುತ್ತವೆ, ತಣಿಯುತ್ತವೆ, ಸುರಿಯುತ್ತವೆ. ಬೆಟ್ಟ ದಾಟಿ ಇಳಿಯುವ ಗಾಳಿಯಲ್ಲಿ ತೇವ ಉಳಿದಿರುವುದಿಲ್ಲ. ಆಗುಂಬೆಯಿಂದ ಹೊರಟು ಚಿತ್ರದುರ್ಗದ ಕಡೆಗೆ ಪ್ರಯಾಣ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತನ್ನು ನಾನು ಪುಸ್ತಕದಲ್ಲಿ ಹಲವು ಸಲ ಓದಿದ್ದೆ, ತರಗತಿಯಲ್ಲಿ ಅದಕ್ಕಿಂತ ಹೆಚ್ಚು ಸಲ ಹೇಳಿದ್ದೆ, ಆದರೆ ನಿಜವಾಗಿ ಕಲಿತದ್ದು ಒಂದು ಬಸ್ಸಿನಲ್ಲಿ. ಬಹಳ ವರ್ಷಗಳ ಹಿಂದೆ, ಡಿಸೆಂಬರ್ ಆರಂಭದಲ್ಲಿ, ವಾಯವ್ಯ ಗ್ರೀಸಿನ ಯಾನಿನಾ ಎಂಬ ಊರಿನಲ್ಲಿದ್ದೆ. ಸರೋವರದ ದಂಡೆಯ ಸುಂದರ ಊರು ಎಂದು ಕೇಳಿದ್ದೆ. ಮೂರು ದಿನ ಇದ್ದರೂ ಸರೋವರದ ಆಚೆ ದಡ ನನಗೆ ಕಾಣಿಸಲಿಲ್ಲ. ನಮ್ಮ ಮಲೆನಾಡಿನಲ್ಲಿ ಆಷಾಢದಲ್ಲಿ ಹಿಡಿಯುತ್ತದಲ್ಲ, ಅಂಥದ್ದೇ ಜಿಟಿಜಿಟಿ ಮಳೆ. ನಾನು ತಂಗಿದ್ದ ಮನೆಯ ಅಜ್ಜಿ ನನ್ನ ಒದ್ದೆ ಕಾಲುಚೀಲಗಳನ್ನು ಒಲೆಯ ಬಳಿ ಒಣಗಿಸಿಕೊಟ್ಟು, ಹೊರಡುವ ದಿನ ತಮ್ಮ ಮಗನ ಹಳೆಯ ಕೊಡೆಯೊಂದನ್ನು ಕೈಗಿತ್ತರು. ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ಕೈ ತೋರಿಸಿ ಏನೋ ಹೇಳಿ ನಕ್ಕರು. ನನಗೆ ಗ್ರೀಕ್ ಭಾಷೆ ಅಷ್ಟಾಗಿ ಬಾರದು, ಸುಮ್ಮನೆ ತಲೆಯಾಡಿಸಿದೆ.

ಈಗ ಆ ದಾರಿಯಲ್ಲಿ ಸುರಂಗಗಳ ಮೂಲಕ ಹಾಯುವ ಹೆದ್ದಾರಿಯಿದೆ, ಬೆಟ್ಟ ದಾಟಿದ್ದೇ ತಿಳಿಯುವುದಿಲ್ಲ. ಭೂಗೋಳದ ವಿದ್ಯಾರ್ಥಿಗೆ ಅದೊಂದು ನಷ್ಟವೆಂದೇ ನನ್ನ ಅಭಿಪ್ರಾಯ. ಆಗಿನ ಬಸ್ಸು ಮೆತ್ಸೊವೊ ಎಂಬ ಊರಿನ ಮೇಲಿನಿಂದ ಹಾದು, ಸುಮಾರು 1,700 ಮೀಟರ್ ಎತ್ತರದ ಕತಾರಾ ಕಣಿವೆದಾರಿಯನ್ನು ಏರಬೇಕಿತ್ತು. ಕತಾರಾ ಎಂದರೆ ಗ್ರೀಕ್ ಭಾಷೆಯಲ್ಲಿ ಶಾಪ, ಮತ್ತು ಆ ತಿರುವುಗಳಲ್ಲಿ ಕುಳಿತವರಿಗೆ ಹೆಸರಿನ ಕಾರಣವನ್ನು ಯಾರೂ ಹೇಳಬೇಕಾಗಿರಲಿಲ್ಲ. ಕೆಳಗೆ ಮಳೆಯಾಗಿದ್ದದ್ದು ಮೇಲೇರಿದಂತೆ ಆಲಿಕಲ್ಲಿನಂಥ ಹಿಮದ ಹರಳಾಯಿತು, ಮತ್ತೂ ಮೇಲೆ ಅಪ್ಪಟ ಹಿಮವಾಯಿತು. ಚಾಲಕ ಇಳಿದು ಚಕ್ರಗಳಿಗೆ ಸರಪಳಿ ಕಟ್ಟಿದ. ಕಿಟಕಿಯ ಗಾಜನ್ನು ಕರವಸ್ತ್ರದಿಂದ ಒರೆಸಿ ಒರೆಸಿ ನಾನು ಹೊರಗೆ ನೋಡುತ್ತಲೇ ಇದ್ದೆ: ಬೀಚ್ ಮರಗಳು, ಪೈನ್ ಮರಗಳು, ಎಲ್ಲವೂ ನೀರಿನಲ್ಲಿ ಅದ್ದಿ ತೆಗೆದಂತಿದ್ದವು. ಕಣಿವೆದಾರಿಯ ನೆತ್ತಿ ದಾಟಿ ಇಳಿಯತೊಡಗಿದ ಅರ್ಧ ಗಂಟೆಯೊಳಗೆ ಮೋಡ ಹರಿಯಿತು. ಇನ್ನೂ ಕೆಳಗೆ ಬಂದಾಗ ಬಿಸಿಲು. ಕಲಂಬಾಕಾ ಊರಿನಲ್ಲಿ, ಮೆಟಿಯೋರಾದ ಕಂಬದಂಥ ಬಂಡೆಗಳ ಬುಡದಲ್ಲಿ ಇಳಿದಾಗ ರಸ್ತೆಯ ಮೇಲೆ ದೂಳು ಏಳುತ್ತಿತ್ತು! ಕೈಯಲ್ಲಿ ನೀರು ತೊಟ್ಟಿಕ್ಕುವ ಕೊಡೆ ಹಿಡಿದು ನಿಂತ ನನ್ನನ್ನು ಕಾಫಿ ಅಂಗಡಿಯ ಹಿರಿಯರೊಬ್ಬರು ನೋಡಿ, ಒಂದೇ ಪದ ಕೇಳಿದರು: "ಯಾನಿನಾ?" ಅಜ್ಜಿ ನಕ್ಕದ್ದು ಏಕೆಂದು ಆಗ ಅರ್ಥವಾಯಿತು.

ಆ ಕೊಡೆಯನ್ನು ಮುಂದೆ ಒಂದು ವಾರ ಥೆಸಲಿಯ ಬಯಲಿನಲ್ಲಿ ಹೊತ್ತು ತಿರುಗಿದೆ, ಒಮ್ಮೆಯೂ ಬಿಚ್ಚಲಿಲ್ಲ. ಆ ಬಯಲು ಬೆಟ್ಟದ ಮಳೆನೆರಳಿನಲ್ಲಿದೆ. ಅಲ್ಲಿ ಬೆಳೆಯುವುದು ಗೋಧಿ ಮತ್ತು ಹತ್ತಿ. ಯುರೋಪಿಯನ್ ಒಕ್ಕೂಟದಲ್ಲಿ ಅತಿ ಹೆಚ್ಚು ಹತ್ತಿ ಬೆಳೆಯುವ ದೇಶ ಗ್ರೀಸ್ ಎಂದರೆ ನಮ್ಮಲ್ಲಿ ಹಲವರು ನಂಬುವುದಿಲ್ಲ. ಕ್ಯಾಲೆಂಡರಿನಲ್ಲಿ ಹತ್ತಿಯ ಹೊಲ ಇರುವುದಿಲ್ಲವಲ್ಲ!

ನನ್ನ ಸಮಯದ ಬಹುಪಾಲು ಆ ಬಸ್ಸಿನಲ್ಲೇ ಕಳೆದುಹೋಯಿತೆಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಆದ್ದರಿಂದ ಬೇಸಿಗೆಯನ್ನು ಬೇಗ ಮುಗಿಸುತ್ತೇನೆ. ಬೇಸಿಗೆಯಲ್ಲಿ ಉಪೋಷ್ಣ ವಲಯದ ಅಧಿಕ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಮೆಡಿಟರೇನಿಯನ್ ಮೇಲೆ ಕೂರುತ್ತದೆ, ಮಳೆ ನಿಲ್ಲುತ್ತದೆ. 1977ರ ಜುಲೈ 10ರಂದು ಅಥೆನ್ಸಿನ ಬಳಿಯ ಎಲೆಫ್ಸೀನಾದಲ್ಲಿ 48 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಬೇಸಿಗೆಯಲ್ಲಿ ಗ್ರೀಸಿನ ಪೂರ್ವಕ್ಕಿರುವ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ತೆಮಿ ಎಂಬ ಒಣಗಾಳಿ ಬೀಸುತ್ತದೆ. ಅದನ್ನು ಎಳೆಯುವ ಕಡಿಮೆ ಒತ್ತಡ ಟರ್ಕಿಯ ಮೇಲಿದೆ, ಮತ್ತು ಅದು ನಮ್ಮ ಮುಂಗಾರನ್ನು ಎಳೆದು ತರುವ ದಕ್ಷಿಣ ಏಷ್ಯಾದ ಕಡಿಮೆ ಒತ್ತಡದ ಪ್ರದೇಶದ ಪಶ್ಚಿಮದ ಬಾಲ. ಸ್ಯಾಂಟೊರಿನಿ ದ್ವೀಪದ ರೈತರು ಆ ಗಾಳಿಗೆ ಹೆದರಿ ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತಿ ಬೆಳೆಸುತ್ತಾರೆ.

ಬೆಟ್ಟದ ಮಾತಿಗೆ ಮತ್ತೆ ಬರುತ್ತೇನೆ, ಕ್ಷಮಿಸಿ. 2023ರ ಸೆಪ್ಟೆಂಬರಿನಲ್ಲಿ ಡೇನಿಯಲ್ ಎಂಬ ಬಿರುಗಾಳಿ ಏಜಿಯನ್ ಕಡೆಯಿಂದ ತೇವವನ್ನು ತಂದು ಥೆಸಲಿಯ ಪೂರ್ವದಂಚಿನ ಪೀಲಿಯನ್ ಬೆಟ್ಟಕ್ಕೆ ಅಪ್ಪಳಿಸಿದಾಗ, ಅಲ್ಲಿನ ಝಗೋರಾ ಗ್ರಾಮದಲ್ಲಿ ಒಂದೇ ದಿನ 754 ಮಿಲಿಮೀಟರ್ ಮಳೆ ದಾಖಲಾಯಿತು; ಅಥೆನ್ಸಿಗೆ ಸುಮಾರು ಎರಡು ವರ್ಷದಲ್ಲಿ ಬೀಳುವಷ್ಟು. ಸುತ್ತಲೂ ಬೆಟ್ಟಗಳಿಂದ ಆವೃತವಾದ, ನೀರು ಹೊರಹೋಗಲು ಒಲಿಂಪಸ್ ಮತ್ತು ಒಸ್ಸಾ ಬೆಟ್ಟಗಳ ನಡುವಿನ ಟೆಂಪೆ ಕಣಿವೆಯೊಂದೇ ದಾರಿಯಾಗಿರುವ ಥೆಸಲಿಯ ಬಯಲು ಆಗ ಸಮುದ್ರದಂತಾಯಿತು. ಒಂದು ಕಾಲಕ್ಕೆ ಥೆಸಲಿಯು ಸರೋವರವಾಗಿತ್ತಂತೆ ಎಂದು ಗ್ರೀಕ್ ಇತಿಹಾಸಕಾರ ಹಿರೊಡೋಟಸ್ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಇನ್ನು ಅಥೆನ್ಸ್. ಒಣ ಮಗ್ಗುಲಿನಲ್ಲಿ ಕಟ್ಟಿದ ಆ ಮಹಾನಗರ ಕುಡಿಯುವ ನೀರಿಗಾಗಿ ಪಶ್ಚಿಮಕ್ಕೇ ಕೈ ಚಾಚಬೇಕಾಯಿತು. ಎವಿನೋಸ್ ನದಿಯ ನೀರು ಸುರಂಗದ ಮೂಲಕ ಮೋರ್ನೋಸ್ ಜಲಾಶಯಕ್ಕೆ ಬಂದು, ಅಲ್ಲಿಂದ ಸುಮಾರು 190 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ನಗರಕ್ಕೆ ಹರಿಯುತ್ತದೆ. ಪಶ್ಚಿಮದ ನೀರನ್ನು ಪೂರ್ವಕ್ಕೆ ತಿರುಗಿಸುವ ಚರ್ಚೆ ನಮ್ಮಲ್ಲೂ ಇದೆ, ಅದು ಇಂದಿನ ವಿಷಯವಲ್ಲ. ನೀವು ಎಂದಾದರೂ ಅಥೆನ್ಸಿಗೆ ಹೋಗಿ, ಬಿಸಿಲಿನಲ್ಲಿ ಬೆಂದು, ಹೋಟೆಲಿನ ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದರೆ, ಅದು ಬೆಟ್ಟದ ಆ ಕಡೆ, ಕೊಡೆ ಹಿಡಿದ ಜನರ ನಡುವೆ ಬಿದ್ದ ಮಳೆ. ನಮಸ್ಕಾರ.