ತಂತಿಯ ಸವೆತ

ಕೇಳುಗರಿಗೆ ನಮಸ್ಕಾರ.

ಆಷಾಢದ ಗಾಳಿಮಳೆಯಲ್ಲಿ ತೋಟದ ಸಿಲ್ವರ್ ಓಕ್ ಮರದ ಕೊಂಬೆಯೊಂದು ವಿದ್ಯುತ್ ತಂತಿಗೆ ಆಗಾಗ ತಾಗುತ್ತಿದ್ದರೆ ಮನೆಯಲ್ಲಿ ಏನಾಗುತ್ತದೆ ಎಂಬುದು ಕೊಡಗಿನವರಿಗೆ ಚೆನ್ನಾಗಿ ಗೊತ್ತು. ಗಾಳಿ ಬೀಸಿದಾಗ ದೀಪ ಮಿಣುಕುತ್ತದೆ; ಲೈನ್‌ಮ್ಯಾನ್ ಬಂದು ಕಂಬದ ಬುಡದಲ್ಲಿ ನಿಲ್ಲುವ ಹೊತ್ತಿಗೆ ಗಾಳಿ ನಿಂತು ಎಲ್ಲವೂ ಸರಿಯಾಗಿಯೇ ಕಾಣುತ್ತದೆ; ಅವನು ಗೇಟು ದಾಟಿದ ಮೇಲೆ ದೀಪ ಮತ್ತೆ ಮಿಣುಕುತ್ತದೆ. ವಾಯುಪಡೆಯಲ್ಲಿ ವಿಮಾನಗಳ ವಿದ್ಯುತ್ ತಂತ್ರಜ್ಞನಾಗಿ ದುಡಿದ ವರ್ಷಗಳಲ್ಲಿ ನನ್ನ ಪಾಡೂ ಹೆಚ್ಚುಕಡಿಮೆ ಆ ಲೈನ್‌ಮ್ಯಾನ್‌ನ ಪಾಡೇ ಆಗಿತ್ತು.

ಪೈಲಟ್ ಬರೆದುಕೊಡುವ ದೋಷಕ್ಕೆ ನಮ್ಮಲ್ಲಿ ‘ಸ್ನ್ಯಾಗ್’ ಎಂದು ಹೆಸರು. ಒಂದು ಸಾಗಣೆ ವಿಮಾನದಲ್ಲಿ, ಇಂಧನದ ಒತ್ತಡ ಇಳಿದಿದೆ ಎಂದು ಎಚ್ಚರಿಸುವ ದೀಪವು ವಿಮಾನ ಓರೆಯಾಗಿ ತಿರುಗುವಾಗ ಮಾತ್ರ ಕ್ಷಣಕಾಲ ಹೊತ್ತಿ ಆರುತ್ತದೆ ಎಂಬ ಸ್ನ್ಯಾಗ್ ಬಂತು. ನೆಲದ ಮೇಲೆ ನೋಡಿದರೆ ಒತ್ತಡವೂ ಸರಿ, ದೀಪವೂ ಸರಿ. ‘ಗ್ರೌಂಡ್ ಚೆಕ್ ಸರ್ವಿಸಬಲ್’, ಅಂದರೆ ನೆಲದ ಮೇಲೆ ಪರೀಕ್ಷಿಸಿದಾಗ ಸರಿಯಿದೆ, ಎಂದು ಬರೆದು ಸಹಿ ಹಾಕಿದೆವು. ಅದೇ ದೂರು ಮತ್ತೆ ಬಂದಾಗ ಒತ್ತಡದ ಸ್ವಿಚ್ಚನ್ನು ಬದಲಿಸಿದೆವು. ಮೂರನೆಯ ಸಲವೂ ಬಂತು. ಬಿಡಿಭಾಗವನ್ನು ಬದಲಿಸುವುದು ಸುಲಭ, ಬದಲಿಸಿದ್ದಕ್ಕೆ ದಾಖಲೆಯೂ ಇರುತ್ತದೆ. ಎರಡು ಬಿಡಿಭಾಗಗಳ ನಡುವಿನ ತಂತಿಯನ್ನು ಅನುಮಾನಿಸುವುದಕ್ಕೆ ಮಾತ್ರ ನಮಗೆ ಮನಸ್ಸು ಬರುತ್ತಿರಲಿಲ್ಲ.

ಹಾಗೆ ಅನುಮಾನಿಸಲು ಹಿಂಜರಿಯುವುದಕ್ಕೆ ಕಾರಣವೂ ಇದೆ. ಒಂದು ದೊಡ್ಡ ಪ್ರಯಾಣಿಕ ವಿಮಾನದ ತಂತಿಗಳನ್ನೆಲ್ಲ ಬಿಡಿಸಿ ಒಂದಕ್ಕೊಂದು ಜೋಡಿಸಿದರೆ ಅದರ ಉದ್ದ ಸುಮಾರು 250 ಕಿಲೋಮೀಟರ್ ಆಗುತ್ತದೆ, ಅಂದರೆ ಮಡಿಕೇರಿಯಿಂದ ಬೆಂಗಳೂರಿಗೆ ಹೋಗುವ ದಾರಿಯಷ್ಟು. ಈ ತಂತಿಗಳನ್ನು ಹತ್ತಾರು, ನೂರಾರು ಸೇರಿಸಿ ಕಟ್ಟಿದ ಕಂತೆಗೆ ನಾವು ‘ಲೂಮ್’ ಎನ್ನುತ್ತೇವೆ. ಅದು ನೆಲಹಾಸಿನ ಕೆಳಗೆ, ಗೋಡೆಯ ಹಿಂದೆ, ರೆಕ್ಕೆಯ ಒಳಗೆ, ಚಕ್ರಗಳ ಗೂಡಿನಲ್ಲಿ ಹಾದುಹೋಗುತ್ತದೆ. ತೂಕ ಉಳಿಸಬೇಕಾದ್ದರಿಂದ ಒಂದೊಂದು ತಂತಿಯ ಹೊದಿಕೆಯೂ ಬಹಳ ತೆಳು. ಲೋಹದ ವಿಮಾನಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತು ಹಿಂತಿರುಗುವುದು ವಿಮಾನದ ಮೈಯ ಮೂಲಕವೇ. ಆದ್ದರಿಂದ 28 ವೋಲ್ಟಿನ ನೇರ ವಿದ್ಯುತ್ತಾಗಲಿ, 115 ವೋಲ್ಟಿನ 400 ಹರ್ಟ್ಸ್ ಪರ್ಯಾಯ ವಿದ್ಯುತ್ತಾಗಲಿ, ಹೊದಿಕೆ ಹರಿದ ತಂತಿ ಎಲ್ಲಿ ಲೋಹಕ್ಕೆ ತಾಗಿತೋ ಅಲ್ಲೇ ಅದಕ್ಕೊಂದು ಅಡ್ಡದಾರಿ ಸಿಗುತ್ತದೆ. ಸೋಲಾರ್ ಬೇಲಿಗೆ ಬಳ್ಳಿ ಹಬ್ಬಿದ ಮೇಲೆ ಆನೆ ಬೇಲಿಗೆ ಹೆದರುವುದಿಲ್ಲವಲ್ಲ, ಸೋರಿಕೆಯ ತತ್ತ್ವ ಎರಡು ಕಡೆಯೂ ಒಂದೇ.

ದೋಷಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಸವೆತ. ಲೂಮನ್ನು ಅಲ್ಲಲ್ಲಿ ರಬ್ಬರು ಹೊದಿಸಿದ ಕ್ಲ್ಯಾಂಪುಗಳಿಂದ ಹಿಡಿದಿಟ್ಟಿರುತ್ತಾರೆ. ಎರಡು ಕ್ಲ್ಯಾಂಪುಗಳ ನಡುವೆ ಕೈಯಿಂದ ಮೆಲ್ಲಗೆ ಒತ್ತಿದಾಗ ಲೂಮ್ ಸಾಮಾನ್ಯವಾಗಿ ಅರ್ಧ ಅಂಗುಲಕ್ಕಿಂತ ಹೆಚ್ಚು ಜಗ್ಗಬಾರದು. ರಬ್ಬರು ಒಣಗಿ ಕ್ಲ್ಯಾಂಪು ಸಡಿಲವಾದರೆ, ಲೂಮ್ ಪಕ್ಕದ ಪೈಪಿನ ಮೇಲೋ ತಗಡಿನ ಅಂಚಿನ ಮೇಲೋ ಕುಳಿತು, ಎಂಜಿನ್ನಿನ ಕಂಪನಕ್ಕೆ ದಿನವೂ ಕೂದಲೆಳೆಯಷ್ಟು ಉಜ್ಜಿಕೊಳ್ಳುತ್ತದೆ. ವರ್ಷಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಹೊದಿಕೆ ತೂತಾಗುತ್ತದೆ.

ನೀರಿನದು ಇನ್ನೊಂದು ಬಗೆ. ವಿಮಾನದೊಳಗೆ ಮಳೆ ಬೀಳುವುದಿಲ್ಲ ಎಂದು ನೀವು ಭಾವಿಸಬಹುದು. ಆದರೆ ಎತ್ತರದ ಚಳಿಯಲ್ಲಿ ಮೈತಗಡು ತಣ್ಣಗಾಗಿ, ಪ್ರಯಾಣಿಕರ ಉಸಿರಿನ ತೇವ ಅದರ ಒಳಮೈಯಲ್ಲಿ ಹನಿಗಟ್ಟಿ ಇಳಿಯುತ್ತದೆ. ಇದರ ಜೊತೆಗೆ ಅಡುಗೆ ಕಟ್ಟೆಯ ನೀರು, ಶೌಚಾಲಯದ ನೀರು ಸೇರುತ್ತದೆ. ಹನಿ ತಂತಿಯ ಗುಂಟ ಜಾರಿ ಪ್ಲಗ್ಗಿನೊಳಗೆ ಇಳಿಯಬಾರದೆಂದು, ಪ್ಲಗ್ಗಿಗಿಂತ ಕೆಳಮಟ್ಟಕ್ಕೆ ಲೂಮನ್ನು ಒಮ್ಮೆ ಬಾಗಿಸಿ ಮೇಲೆತ್ತಿರುತ್ತಾರೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಯಾರಾದರೂ ಅಂದವಾಗಿ ಕಾಣಲೆಂದು ಆ ಬಾಗನ್ನು ನೇರ ಮಾಡಿ ಕಟ್ಟಿದರೆ, ಕೆಲವು ತಿಂಗಳಲ್ಲಿ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣುತ್ತದೆ.

ಇಲಿ ಕಡಿದ ತಂತಿಯನ್ನೂ ಕಂಡಿದ್ದೇನೆ. ಕಾಫಿ ಗೋದಾಮಿನ ಪಕ್ಕದಲ್ಲಿ ಜೀಪು ನಿಲ್ಲಿಸುವವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಹೇಳಲು ಸ್ವಲ್ಪ ಸಂಕೋಚವಾಗುವ ವಿಷಯವೆಂದರೆ ನಮ್ಮ ಕೈಯಿಂದಲೇ ಹುಟ್ಟುವ ದೋಷಗಳು. ತಗಡಿಗೆ ಡ್ರಿಲ್ ಹಾಕಿದವನು ಕೆಳಗಿನ ಲೂಮಿಗೆ ಬಟ್ಟೆ ಹೊದಿಸದೆ ಹೋದರೆ, ಅಲ್ಯೂಮಿನಿಯಂ ಚೂರುಗಳು ತಂತಿಗಳ ಸಂದಿಗೆ ಇಳಿದು, ಅಲುಗಾಡಿದಂತೆಲ್ಲ ಬ್ಲೇಡಿನ ಹಾಗೆ ಕೊರೆಯುತ್ತವೆ. ಇಕ್ಕಟ್ಟಾದ ಜಾಗದಲ್ಲಿ ಮೇಲೆ ಹತ್ತಲು ಲೂಮನ್ನೇ ಮೆಟ್ಟಿಲು ಮಾಡಿಕೊಂಡವರಿದ್ದಾರೆ. ರಿಪೇರಿಗೆಂದು ಫಲಕ ತೆರೆದು ಮುಚ್ಚಿದ ಪ್ರತಿ ಸಲವೂ ತಂತಿಗೆ ಒಂದು ಗಂಡಾಂತರವೇ.

1999ರ ಜುಲೈ 23ರಂದು ಐಲೀನ್ ಕಾಲಿನ್ಸ್ ಅವರ ನಾಯಕತ್ವದಲ್ಲಿ ಮೇಲೇರಿದ ಕೊಲಂಬಿಯಾ ಬಾಹ್ಯಾಕಾಶ ನೌಕೆಯಲ್ಲಿ, ಉಡಾವಣೆಯಾದ ಸುಮಾರು 5 ಸೆಕೆಂಡಿಗೆ ಶಾರ್ಟ್ ಸರ್ಕ್ಯೂಟ್ ಆಗಿ, ಮೂರು ಎಂಜಿನ್ನುಗಳ ಪೈಕಿ ಎರಡರಲ್ಲಿ ಒಂದೊಂದು ನಿಯಂತ್ರಕ ಕಂಪ್ಯೂಟರ್ ನಿಂತುಹೋಯಿತು. ಜೋಡಿಯಾಗಿದ್ದ ಇನ್ನೊಂದು ಕಂಪ್ಯೂಟರ್ ಕೆಲಸ ವಹಿಸಿಕೊಂಡದ್ದರಿಂದ ನೌಕೆ ಉಳಿಯಿತು. ಆಮೇಲೆ ಹುಡುಕಿದಾಗ ಸಿಕ್ಕಿದ್ದು, ತಲೆ ಒರಟಾಗಿದ್ದ ಒಂದು ಸ್ಕ್ರೂ ಮತ್ತು ಅದಕ್ಕೆ ಉಜ್ಜಿ ಹೊದಿಕೆ ಹರಿದಿದ್ದ ಒಂದು ತಂತಿ. ಅದರಿಂದಾಗಿ ಎಲ್ಲ ನೌಕೆಗಳನ್ನೂ ನಿಲ್ಲಿಸಿ ತಿಂಗಳುಗಟ್ಟಲೆ ತಂತಿ ತಪಾಸಣೆ ನಡೆಸಬೇಕಾಯಿತು.

ಎಲ್ಲರೂ ಅಷ್ಟು ಅದೃಷ್ಟವಂತರಾಗಿರಲಿಲ್ಲ. ಅದರ ಹಿಂದಿನ ವರ್ಷ, 1998ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟಿದ್ದ ಸ್ವಿಸ್‌ಏರ್ 111 ವಿಮಾನದ ಕಾಕ್‌ಪಿಟ್ಟಿನಲ್ಲಿ ಏನೋ ವಾಸನೆ ಬಂತು. ಸುಮಾರು 20 ನಿಮಿಷಗಳಲ್ಲಿ ಅದು ಕೆನಡಾದ ಕರಾವಳಿಯ ಸಮುದ್ರಕ್ಕೆ ಬಿದ್ದು 229 ಮಂದಿ ತೀರಿಕೊಂಡರು. ನಾಲ್ಕು ವರ್ಷಗಳಿಗೂ ಹೆಚ್ಚು ನಡೆದ ತನಿಖೆಯಲ್ಲಿ, ಚಾವಣಿಯ ಮೇಲೆ ತಂತಿಯಿಂದ ಹಾರಿದ ಕಿಡಿ ಪಕ್ಕದ ಶಾಖನಿರೋಧಕ ಹೊದಿಕೆಗೆ ಹತ್ತಿ ಬೆಂಕಿ ಹಬ್ಬಿರುವ ಸಂಭವವೇ ಹೆಚ್ಚು ಎಂದು ಕಂಡುಬಂತು. ಪ್ರಯಾಣಿಕರ ಮನರಂಜನೆಗೆಂದು ಆಮೇಲೆ ಅಳವಡಿಸಿದ ಉಪಕರಣದ ತಂತಿಯಲ್ಲೂ ಕಿಡಿಯ ಗುರುತಿತ್ತು.

ಸರ್ಕ್ಯೂಟ್ ಬ್ರೇಕರ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಹಳೆಯ ಬಗೆಯ ಬ್ರೇಕರು ಕಡಿದುಕೊಳ್ಳುವುದು ಹೆಚ್ಚಿನ ವಿದ್ಯುತ್ತು ಒಂದಿಷ್ಟು ಹೊತ್ತು ಹರಿದು ತಾನು ಬಿಸಿಯಾದಾಗ. ಕಿಡಿ ಒಂದೊಂದೇ ಕ್ಷಣ ಹಾರಿ ನಿಲ್ಲುತ್ತಿದ್ದರೆ ಅಷ್ಟು ಬಿಸಿ ಅದಕ್ಕೆ ಮುಟ್ಟುವುದೇ ಇಲ್ಲ. ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹೊದಿಕೆಯ ತಂತಿಗಳಲ್ಲಿ ಇನ್ನೂ ಒಂದು ಕೇಡಿದೆ: ಕಿಡಿಗೆ ಸುಟ್ಟ ಹೊದಿಕೆ ಇದ್ದಿಲಾಗಿ ತಾನೇ ವಿದ್ಯುತ್ತನ್ನು ಹರಿಸತೊಡಗುತ್ತದೆ, ಕಿಡಿ ಲೂಮಿನ ಉದ್ದಕ್ಕೂ ತೆವಳುತ್ತಾ ಪಕ್ಕದ ತಂತಿಗಳನ್ನೂ ತಿನ್ನುತ್ತದೆ. ತಾನಾಗಿ ಬಿದ್ದ ಬ್ರೇಕರನ್ನು ಕಾರಣ ತಿಳಿಯದೆ ಮತ್ತೆ ಮತ್ತೆ ಒತ್ತುವವರಿಗೆ ನಾವು ಗದರುತ್ತಿದ್ದುದು ಇದಕ್ಕಾಗಿಯೇ.

2007ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯು ತಂತಿ, ಪ್ಲಗ್ಗು, ಕ್ಲ್ಯಾಂಪುಗಳನ್ನೆಲ್ಲ ಸೇರಿಸಿ ಅವನ್ನೇ ಒಂದು ಪ್ರತ್ಯೇಕ ವ್ಯವಸ್ಥೆಯೆಂದು ನಿಯಮಗಳಲ್ಲಿ ಪರಿಗಣಿಸಿತು. ನನಗೆ ಇದು ತಡವಾಗಿ ಬಂದ ಬುದ್ಧಿಯೆಂದೇ ತೋರುತ್ತದೆ.

ತಪಾಸಣೆಗೆ ಈಗ ಒಳ್ಳೆಯ ಉಪಕರಣಗಳಿವೆ. ತಂತಿಯೊಳಗೆ ವಿದ್ಯುತ್ ಮಿಡಿತವೊಂದನ್ನು ಕಳಿಸಿ, ಅದು ಪ್ರತಿಫಲಿಸಿ ಮರಳಲು ಹಿಡಿದ ಸಮಯದಿಂದ ದೋಷ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಹೆಚ್ಚಿನ ವೋಲ್ಟೇಜು ಹಾಯಿಸಿ ಅಳೆಯುವ ‘ಮೆಗ್ಗರ್’ ಎಂಬ ಮಾಪಕ ಹಿಡಿದು ಹೊದಿಕೆಯ ತಡೆಯನ್ನು ಅಳೆಯಬಹುದು. ಅದಕ್ಕೆ ಮೊದಲು ಎರಡು ತುದಿಯ ಉಪಕರಣಗಳನ್ನು ಬಿಡಿಸಬೇಕು, ಇಲ್ಲದಿದ್ದರೆ ಮೆಗ್ಗರಿನ ವೋಲ್ಟೇಜಿಗೆ ಅವೇ ಸುಟ್ಟುಹೋಗುತ್ತವೆ. ಹಾಗಿದ್ದರೂ ಟಾರ್ಚು, ಪುಟ್ಟ ಕನ್ನಡಿ ಮತ್ತು ಅವಸರವಿಲ್ಲದ ಕಣ್ಣುಗಳಿಗೆ ಸಿಕ್ಕಷ್ಟು ದೋಷಗಳು ನನ್ನ ಅನುಭವದಲ್ಲಿ ಬೇರೆ ಯಾವುದಕ್ಕೂ ಸಿಕ್ಕಿಲ್ಲ.

ಆ ದೀಪದ ಸ್ನ್ಯಾಗ್ ಕೊನೆಗೆ ಸಿಕ್ಕಿದ್ದು ನಮಗಲ್ಲ. ಹೈಡ್ರಾಲಿಕ್ ಪೈಪ್ ಬದಲಿಸಲು ಒಳಗೆ ತೆವಳಿದ್ದ ಬೇರೆ ವಿಭಾಗದ ಹುಡುಗನೊಬ್ಬ, “ಸಾರ್, ನಿಮ್ಮ ಲೂಮ್ ನಮ್ಮ ಪೈಪಿನ ಮೇಲೆ ಕೂತಿದೆ” ಎಂದು ಕೂಗಿದ. ಕ್ಲ್ಯಾಂಪಿನ ರಬ್ಬರು ಉದುರಿಹೋಗಿ, ಒಂದು ತಂತಿಯಲ್ಲಿ ಅಕ್ಕಿಕಾಳಿನಷ್ಟು ಲೋಹ ಹೊಳೆಯುತ್ತಿತ್ತು. ಆ ದೀಪಕ್ಕೆ ವಿದ್ಯುತ್ತು ಸದಾ ಇರುತ್ತದೆ, ಒತ್ತಡದ ಸ್ವಿಚ್ಚು ಅದಕ್ಕೆ ಅರ್ತ್, ಅಂದರೆ ವಿಮಾನದ ಮೈಯ ಮೂಲಕ ಹಿಂತಿರುಗುವ ದಾರಿ, ಕೊಟ್ಟಾಗ ಅದು ಹೊತ್ತುತ್ತದೆ. ತಿರುವಿನಲ್ಲಿ ಲೂಮ್ ಅಲುಗಿ ಪೈಪಿಗೆ ತಾಗಿದಾಗ ಆ ಅರ್ತ್ ಪೈಪಿನಿಂದಲೇ ಸಿಗುತ್ತಿತ್ತು. ತಂತಿಯ ಆ ತುಂಡನ್ನು ಬದಲಿಸಿ, ಹೊಸ ಕ್ಲ್ಯಾಂಪು ಹಾಕಿ, ಪೈಪಿನಿಂದ ದೂರ ಸರಿಸಿದೆವು. ಆಮೇಲೆ ಅದೇ ಮಾದರಿಯ ಉಳಿದ ವಿಮಾನಗಳಲ್ಲೂ ಅದೇ ಜಾಗಕ್ಕೆ ಟಾರ್ಚು ಬಿಟ್ಟು ನೋಡಿದೆವು. ಇನ್ನೊಂದರಲ್ಲಿ ಸವೆತ ಆರಂಭವಾಗಿತ್ತು. ಅದರ ದೀಪ ಅದುವರೆಗೆ ಒಮ್ಮೆಯೂ ಹೊತ್ತಿರಲಿಲ್ಲ.