ಬಾವಿ ಕೆಟ್ಟರೆ ರಿಪೋರ್ಟೂ ಕೆಟ್ಟಂತೆ: ಕಲುಷಿತ ನೆಲದಲ್ಲಿ ಅಂತರ್ಜಲದ ಸ್ಯಾಂಪಲ್

[ದೃಶ್ಯ: ಅಂಗೈಯಲ್ಲಿ ಪುಟ್ಟ ಗಾಜಿನ ಶೀಶೆ, ಬಾಯಿ ಮಟ್ಟ ನೀರು]

ಈ ಶೀಶೆಯಲ್ಲಿ ಹಿಡಿಯೋದು 40 ಮಿಲಿಲೀಟರ್. ಪೆಟ್ರೋಲ್ ಟ್ಯಾಂಕ್ ಸೋರಿದ ಜಾಗದಲ್ಲಿ ಮಣ್ಣು ಅಗೆದು ಸಾಗಿಸಬೇಕಾ, ಸುತ್ತಲಿನ ಬಾವಿಗಳ ನೀರು ಕುಡಿಯೋದು ನಿಲ್ಲಿಸಬೇಕಾ, ಕಾದು ನೋಡಿದರೆ ಸಾಕಾ, ಇದೆಲ್ಲ ತೀರ್ಮಾನ ಆಗೋದು ಇಂಥ ಕೆಲವು ಶೀಶೆಗಳ ಮೇಲೆ. ಕುಡಿಯೋ ನೀರಿನಲ್ಲಿ ಬೆಂಜೀನ್‌ಗೆ, ಅಂದರೆ ಪೆಟ್ರೋಲ್‌ನಲ್ಲಿರೋ ಒಂದು ವಿಷಕಾರಿ ರಾಸಾಯನಿಕಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಬೆಂಜೀನ್ ಒಂದು ಲಕ್ಷ ಲೀಟರ್ ನೀರನ್ನ ಆ ಮಿತಿಗೆ ತಂದು ನಿಲ್ಲಿಸುತ್ತೆ. ಇಷ್ಟು ಸೂಕ್ಷ್ಮ ಲೆಕ್ಕದಲ್ಲಿ ಹೆಚ್ಚಿನ ತಪ್ಪು ಆಗೋದು ಲ್ಯಾಬಿನಲ್ಲಲ್ಲ, ಸೈಟಿನಲ್ಲಿ. ಪರೀಕ್ಷೆಗಂತ ಕೊರೆಯೋ ಬಾವಿ ಕೂರಿಸುವಾಗ, ನೀರೆತ್ತುವಾಗ, ಶೀಶೆ ಮುಚ್ಚುವಾಗ.

[ದೃಶ್ಯ: ಹಳೆಯ ನಕ್ಷೆ, ಅದರ ಮೇಲೆ ಪೆನ್ಸಿಲ್ ಗುರುತು]

ರಿಗ್ ತರಿಸೋಕೆ ಮೊದಲು ಕಾಗದದ ಕೆಲಸ ಇದೆ. ಟ್ಯಾಂಕ್ ಎಲ್ಲಿತ್ತು, ಪೈಪ್ ಯಾವ ದಾರಿಯಲ್ಲಿ ಹೋಗಿತ್ತು, ಯಂತ್ರ ತೊಳೆದ ನೀರು ಎಲ್ಲಿಗೆ ಬಿಡ್ತಿದ್ದರು, ಡ್ರಮ್‌ಗಳನ್ನ ಎಲ್ಲಿ ಪೇರಿಸಿದ್ದರು. ಇದನ್ನ ನಕ್ಷೆಗಿಂತ ಚೆನ್ನಾಗಿ ಹೇಳೋರು ಅಲ್ಲಿ ದುಡಿದು ನಿವೃತ್ತರಾದವರು. ಅವರನ್ನ ಹುಡುಕಿ ಮಾತಾಡಿಸಿ. ಆಮೇಲೆ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ: ವಿಷ ಎಲ್ಲಿದೆ, ಯಾವ ದಾರಿಯಲ್ಲಿ ಹರಿಯುತ್ತೆ, ಯಾರನ್ನ ಮುಟ್ಟುತ್ತೆ. ಈ ಮೂರರಲ್ಲಿ ಒಂದು ಕೊಂಡಿ ಕಳಚಿದರೂ ಅಪಾಯ ಇಲ್ಲ. ಮೂರೂ ಸೇರಿದಾಗಲೇ ಚಿಂತೆ.

ಸೋರಿದ್ದು ಏನು ಅನ್ನೋದು ಬಾವಿಯ ಆಳವನ್ನೇ ಬದಲಿಸುತ್ತೆ. ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತವೆ. ಲೋಹದ ಜಿಡ್ಡು ತೆಗೆಯೋ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ನೀರನ್ನ ಸೀಳಿಕೊಂಡು ಇಳಿದು ಜೇಡಿಪದರ ಸಿಕ್ಕಲ್ಲಿ ಮಡುಗಟ್ಟುತ್ತೆ. ಇಂಥ ಜಾಗದಲ್ಲಿ ಗೊತ್ತಿಲ್ಲದೆ ಆ ಜೇಡಿಯನ್ನ ಕೊರೆದುಬಿಟ್ಟರೆ, ಕೆಳಗಿನ ಶುದ್ಧ ನೀರಿಗೆ ವಿಷ ಇಳಿಯೋಕೆ ನಾವೇ ತೂತು ಮಾಡಿಕೊಟ್ಟ ಹಾಗೆ. ಆಳಕ್ಕೆ ಹೋಗಲೇಬೇಕಾದರೆ ಮೊದಲು ಜೇಡಿಯ ತಲೆಯೊಳಗೆ ಸ್ವಲ್ಪ ಕೂರೋ ಹಾಗೆ ದೊಡ್ಡ ಕೇಸಿಂಗ್ ಇಳಿಸಿ, ಸುತ್ತ ಗ್ರೌಟ್ (ಸಂದಿ ಮುಚ್ಚೋ ಸಿಮೆಂಟ್ ಗಂಜಿ) ಹಾಕಿ, ಅದು ಗಟ್ಟಿಯಾದ ಮೇಲೆ ಅದರೊಳಗಿಂದ ಸಣ್ಣ ಬಿಟ್‌ನಲ್ಲಿ ಕೊರೀಬೇಕು.

[ದೃಶ್ಯ: ಮೂರು ಬಾವಿ, ತ್ರಿಕೋನ, ನಡುವೆ ಬಾಣದ ಗುರುತು]

ನೀರು ಯಾವ ಕಡೆ ಹರಿಯುತ್ತೆ ಅಂತ ತಿಳಿಯೋಕೆ ಕನಿಷ್ಠ ಮೂರು ಬಾವಿ, ಅದೂ ತ್ರಿಕೋನದಲ್ಲಿ. ಒಂದೇ ಸಾಲಿನಲ್ಲಿ ಮೂರಲ್ಲ, ಹತ್ತು ಕೊರೆದರೂ ದಿಕ್ಕು ಸಿಗಲ್ಲ. ನೀರಿನ ಮಟ್ಟದ ಇಳಿಜಾರು 0.002 ಇದೆ ಅಂದುಕೊಳ್ಳಿ. 30 ಮೀಟರ್ ಅಂತರದಲ್ಲಿ ನೀರಿನ ಮಟ್ಟದ ವ್ಯತ್ಯಾಸ ಬರೀ 6 ಸೆಂಟಿಮೀಟರ್! ಪೈಪ್ ಬಾಯಿಯ ಲೆವೆಲ್ ಹಿಡಿಯುವಾಗ 5 ಸೆಂಟಿಮೀಟರ್ ತಪ್ಪಿದರೆ ಬಾಣ ಎತ್ತಲೋ ತಿರುಗಿಬಿಡುತ್ತೆ, ಮುಂದಿನ ಬಾವಿಗಳೆಲ್ಲ ತಪ್ಪು ಜಾಗದಲ್ಲಿ ಬೀಳುತ್ತವೆ. ಅದಕ್ಕೇ ಪೈಪಿನ ಅಂಚಿನಲ್ಲಿ ಒಂದು ಕಚ್ಚು ಕೊರೆದು ಗುರುತು ಮಾಡಿ, ಪ್ರತಿ ಸಲ ಅದೇ ಗುರುತಿನಿಂದ ಅಳೀರಿ. ಎಲ್ಲ ಬಾವಿಗಳನ್ನೂ ಒಂದೇ ದಿನ ಅಳೀರಿ.

ವೇಗದ ಲೆಕ್ಕ ಸುಲಭ. ಮರಳು ಪದರ ನೀರು ಬಿಡೋ ಸಾಮರ್ಥ್ಯ (ಹೈಡ್ರಾಲಿಕ್ ಕಂಡಕ್ಟಿವಿಟಿ) ದಿನಕ್ಕೆ 10 ಮೀಟರ್ ಅಂದುಕೊಳ್ಳಿ, ಅದನ್ನ ಇಳಿಜಾರು 0.002ರಿಂದ ಗುಣಿಸಿ. ಮರಳಿನ ಸಂದಿ ಜಾಗ ಶೇ 25, ಅಂದರೆ 0.25ರಿಂದ ಭಾಗಿಸಿ. ದಿನಕ್ಕೆ 8 ಸೆಂಟಿಮೀಟರ್, ವರ್ಷಕ್ಕೆ ಸುಮಾರು 29 ಮೀಟರ್. ಬೆಂಜೀನ್ ಮಣ್ಣಿಗೆ ಅಂಟಿಕೊಳ್ಳುತ್ತೆ, ಸೂಕ್ಷ್ಮಜೀವಿಗಳೂ ಅದನ್ನ ತಿನ್ನುತ್ತವೆ, ಹಾಗಾಗಿ ನೀರಿಗಿಂತ ಹಿಂದೆ ಬೀಳುತ್ತೆ. ಕೆಳಗಿರೋದು ಬಿರುಕುಬಿಟ್ಟ ಬಂಡೆ ಆದರೆ ಈ ಲೆಕ್ಕವನ್ನ ನಂಬಬೇಡಿ. ಬಿರುಕಿನಲ್ಲಿ ನೀರು ಇದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓಡಬಹುದು.

[ದೃಶ್ಯ: ಬಾವಿಯ ಅಡ್ಡಸೀಳು ಚಿತ್ರ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪದರ]

ಈಗ ಬಾವಿ. 50 ಮಿಲಿಮೀಟರ್ ವ್ಯಾಸದ ಪಿವಿಸಿ ಪೈಪ್, ಥ್ರೆಡ್ ಇರೋದೇ ಬೇಕು. ಗಮ್ ಹಚ್ಚಿ ಜೋಡಿಸೋ ಪೈಪ್ ಬೇಡವೇ ಬೇಡ. ಆ ಗಮ್‌ನಲ್ಲಿರೋ ದ್ರಾವಕಗಳು ತಿಂಗಳುಗಟ್ಟಲೆ ನೀರಿಗೆ ಇಳೀತಾ ಇರುತ್ತವೆ, ಲ್ಯಾಬ್ ಅದನ್ನೇ ಮಾಲಿನ್ಯ ಅಂತ ಬರೆದುಕೊಡುತ್ತೆ. ಕೆಳಗೆ ಸೀಳುಗಳಿರೋ ಪೈಪ್, ಅಂದರೆ ಸ್ಕ್ರೀನ್, ಸಾಮಾನ್ಯವಾಗಿ 3 ಮೀಟರ್. ಪೆಟ್ರೋಲ್ ಸೈಟಿನಲ್ಲಿ ನೀರಿನ ಮಟ್ಟ ಈ ಸ್ಕ್ರೀನಿನ ಮಧ್ಯೆ ಬರಬೇಕು. ಸ್ಕ್ರೀನ್ ಪೂರ್ತಿ ಮುಳುಗಿದ್ದರೆ ಮೇಲೆ ತೇಲೋ ಎಣ್ಣೆಗೆ ಒಳಗೆ ಬರೋ ದಾರಿಯೇ ಇಲ್ಲ. ಪಕ್ಕದಲ್ಲೇ ಎಣ್ಣೆ ನಿಂತಿದ್ದರೂ ಬಾವಿಯೊಳಗೆ ಅದರ ಸುಳಿವು ಇರಲ್ಲ. ಮಳೆಗಾಲಕ್ಕೂ ಬೇಸಿಗೆಗೂ ಮಟ್ಟ ಎಷ್ಟು ಏರಿಳಿಯುತ್ತೆ ನೋಡಿ ಸ್ಕ್ರೀನಿನ ಉದ್ದ ತೀರ್ಮಾನಿಸಿ. ಹಾಗಂತ 10 ಮೀಟರ್ ಸ್ಕ್ರೀನ್ ಹಾಕಿದರೆ ಒಳ್ಳೆ ನೀರೂ ಕೆಟ್ಟ ನೀರೂ ಬೆರೆತು ಸಂಖ್ಯೆ ಸಪ್ಪೆಯಾಗುತ್ತೆ.

ಸ್ಕ್ರೀನಿನ ಸುತ್ತ ತೊಳೆದ ಒರಟು ಮರಳು, ಸ್ಕ್ರೀನಿನ ತಲೆಗಿಂತ 60 ಸೆಂಟಿಮೀಟರ್ ಮೇಲಿನ ತನಕ. ಅದರ ಮೇಲೆ ಬೆಂಟೊನೈಟ್ ಉಂಡೆ, ಮತ್ತೆ 60 ಸೆಂಟಿಮೀಟರ್. ಈ ಜೇಡಿ ನೀರು ಕುಡಿದು ಉಬ್ಬಿ ಸಂದಿ ಮುಚ್ಚೋಕೆ ಗಂಟೆಗಳೇ ಬೇಕು. ಇಲ್ಲೇ ಎಲ್ಲರಿಗೂ ಅವಸರ: ರಿಗ್‌ನವರು ಹೊರಡಬೇಕು, ಸಂಜೆ ಆಗಿದೆ. ಕಾಯದೆ ಸಿಮೆಂಟ್ ಗ್ರೌಟ್ ಸುರಿದರೆ ಅದು ಜೇಡಿ ದಾಟಿ ಮರಳಿಗೆ ಇಳಿಯುತ್ತೆ. ಆಮೇಲೆ ನೀರಿನ ಪಿಎಚ್ 11, 12 ಅಂತ ತೋರಿಸಿದರೆ ಅದು ಕಾರ್ಖಾನೆಯ ಕ್ಷಾರ ಅಂತ ತಕ್ಷಣ ಬರೀಬೇಡಿ, ಮೊದಲು ನಿಮ್ಮ ಸಿಮೆಂಟ್ ಮೇಲೆ ಅನುಮಾನ ಪಡಿ. ಇಂಥ ಬಾವಿಯನ್ನ ರಿಪೇರಿ ಮಾಡೋ ದಾರಿ ಇಲ್ಲ, ಹೊಸದೇ ಕೊರೀಬೇಕು.

ಕೊರೆದ ಮೇಲೆ ಬಾವಿಯೊಳಗೆ ಸರ್ಜ್ ಬ್ಲಾಕನ್ನ (ಪೈಪಿನೊಳಗೆ ಪಿಸ್ಟನ್ ಹಾಗೆ ಆಡೋ ಬಿರಡೆ) ಮೇಲೆ ಕೆಳಗೆ ಆಡಿಸಿ, ಕೆಸರೆಲ್ಲ ಪಂಪ್ ಮಾಡಿ, ತಿಳಿ ನೀರು ಬರೋ ತನಕ ತೊಳೀಬೇಕು. ಆಮೇಲೆ ಕೆಲವು ದಿನ ಮುಟ್ಟಬೇಡಿ.

[ದೃಶ್ಯ: ಪಂಪ್, ಸಣ್ಣ ಕೊಳವೆ, ಮೀಟರ್, ಸಂಖ್ಯೆಗಳು ನಿಧಾನಕ್ಕೆ ಒಂದು ಕಡೆ ನಿಲ್ಲುತ್ತವೆ]

ಸ್ಯಾಂಪಲ್ ದಿನ ಮೊದಲು ನೀರಿನ ಮಟ್ಟ ಅಳೀರಿ. ತೇಲೋ ಎಣ್ಣೆ ಇರಬಹುದಾದ ಕಡೆ ಎಣ್ಣೆ, ನೀರು ಎರಡನ್ನೂ ಗುರುತಿಸೋ ಇಂಟರ್‌ಫೇಸ್ ಪ್ರೋಬ್ ಬೇಕು. ಬಾವಿಯಲ್ಲಿ 40 ಸೆಂಟಿಮೀಟರ್ ಎಣ್ಣೆ ಕಂಡಿತು ಅಂತ ಮಣ್ಣಿನಲ್ಲೂ ಅಷ್ಟೇ ದಪ್ಪ ಇದೆ ಅಂದುಕೊಳ್ಳಬೇಡಿ. ಬಾವಿ ಎಣ್ಣೆಯನ್ನ ತನ್ನೊಳಗೆ ಕೂಡಿಸಿಕೊಂಡು ಹೆಚ್ಚಾಗಿ ತೋರಿಸುತ್ತೆ.

ಪಂಪ್ ವೇಗ ನಿಮಿಷಕ್ಕೆ 100ರಿಂದ 500 ಮಿಲಿಲೀಟರ್. ಬಾವಿಯ ಮಟ್ಟ 10 ಸೆಂಟಿಮೀಟರಿಗಿಂತ ಹೆಚ್ಚು ಕುಸೀಬಾರದು. ಮೂರರಿಂದ ಐದು ನಿಮಿಷಕ್ಕೊಮ್ಮೆ ಮೀಟರ್ ಓದಿ ಬರೆದುಕೊಳ್ಳಿ. ಸತತ ಮೂರು ಓದಿನಲ್ಲಿ ಪಿಎಚ್ 0.1ರೊಳಗೆ, ವಿದ್ಯುತ್ ವಾಹಕತೆ ಶೇ 3ರೊಳಗೆ, ಕರಗಿದ ಆಮ್ಲಜನಕ ಮತ್ತು ಕದಡು ಶೇ 10ರೊಳಗೆ ನಿಂತರೆ ಮಾತ್ರ ಪೈಪಿನಲ್ಲಿ ನಿಂತಿದ್ದ ಹಳಸಲು ನೀರು ಹೋಗಿ ಪದರದ ನೀರು ಬರ್ತಿದೆ ಅಂತ ಅರ್ಥ. ಹಗ್ಗಕ್ಕೆ ಬೈಲರ್ (ನೀರು ಮೊಗೆಯೋ ಉದ್ದ ಕೊಳವೆ) ಕಟ್ಟಿ ಧಡಧಡ ಮೊಗೆಯೋದು ಅಗ್ಗ, ಬೇಗ. ಆದರೆ ಆ ಕಲಕಾಟದಲ್ಲಿ ಬೆಂಜೀನ್ ಗಾಳಿಗೆ ಹಾರಿ ಕಡಿಮೆ ಕಾಣುತ್ತೆ, ಎದ್ದ ಕೆಸರಿನಿಂದ ಸೀಸ, ಕ್ರೋಮಿಯಂ ಹೆಚ್ಚು ಕಾಣುತ್ತೆ. ಒಂದೇ ಬಾವಿಯಲ್ಲಿ ಎರಡು ಸುಳ್ಳು.

[ದೃಶ್ಯ: ಶೀಶೆಯ ಬಾಯಿ, ತೀರಾ ಹತ್ತಿರದಿಂದ]

ಹಾರಿಹೋಗೋ ರಾಸಾಯನಿಕಗಳ ಶೀಶೆ ಮೊದಲು ತುಂಬಬೇಕು. ಒಳಗೆ ಮೊದಲೇ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತೆ, ಅದಕ್ಕೇ ಶೀಶೆ ತೊಳೀಬೇಡಿ, ಉಕ್ಕಿಸಬೇಡಿ. ಓರೆಯಾಗಿ ಹಿಡಿದು ಗೋಡೆಗುಂಟ ನೀರು ಇಳಿಸಿ. ಬಾಯಿಯ ಮೇಲೆ ನೀರು ಗುಮ್ಮಟದ ಹಾಗೆ ಉಬ್ಬಿ ನಿಂತಾಗ ಮುಚ್ಚಳ ಬಿಗಿ ಮಾಡಿ. ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡಿ. ಗುಳ್ಳೆ ಎದ್ದರೆ ಹೊಸ ಶೀಶೆ ತಗೊಳ್ಳಿ, ಅದೇ ಶೀಶೆಗೆ ಇನ್ನಷ್ಟು ಸುರೀಬೇಡಿ. ಕರಗಿದ ಲೋಹಗಳಿಗೆ ಬೇರೆ ಬಾಟಲಿ: ಅಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ನೈಟ್ರಿಕ್ ಆಮ್ಲ ಇರೋ ಬಾಟಲಿಗೆ ಹಾಕಿ. ಎಲ್ಲವೂ ಐಸ್ ಪೆಟ್ಟಿಗೆಯಲ್ಲಿ, ಸುಮಾರು 4 ಡಿಗ್ರಿ. ಆಮ್ಲ ಹಾಕಿದ ಬೆಂಜೀನ್ ಶೀಶೆಗೆ 14 ದಿನದ ಗಡುವು.

ಲ್ಯಾಬಿನಲ್ಲೇ ಶುದ್ಧ ನೀರು ತುಂಬಿದ ಒಂದು ಶೀಶೆ ಪೆಟ್ಟಿಗೆಯಲ್ಲೇ ಹೋಗಿ, ಮುಚ್ಚಳ ತೆರೆಯದೆ ವಾಪಸ್ ಬರಬೇಕು. ಅದರಲ್ಲೂ ಬೆಂಜೀನ್ ಸಿಕ್ಕರೆ ಅದು ಬಾವಿಯದಲ್ಲ, ದಾರಿಯಲ್ಲೋ ಲ್ಯಾಬಿನಲ್ಲೋ ಸೇರಿದ್ದು. ಜನರೇಟರ್ ಗಾಳಿ ಬೀಸೋ ಕೆಳದಿಕ್ಕಿಗಿರಲಿ, ಅದಕ್ಕೆ ಪೆಟ್ರೋಲ್ ಹಾಕಿದ ಕೈಗವಸಿನಲ್ಲಿ ಶೀಶೆ ಮುಟ್ಟಬೇಡಿ.

ಒಂದು ಸಲದ ಸಂಖ್ಯೆ ನೋಡಿ ಸೈಟ್ ಶುದ್ಧ ಅಂತ ಬರೆಯೋದು ನಮಗೆ ಒಪ್ಪಿಗೆ ಇಲ್ಲ. ಎಲ್ಲ ಋತುಗಳಲ್ಲೂ ಅಳೆದು ನೋಡಬೇಕು. ಪಂಪ್ ಮಾಡಿ ಶುದ್ಧೀಕರಿಸಿದ ಜಾಗದಲ್ಲಂತೂ ಪಂಪ್ ನಿಲ್ಲಿಸಿದ ಮೇಲೂ ತಿಂಗಳುಗಳ ಕಾಲ ಅಳೀತಿರಬೇಕು. ಜೇಡಿಯಲ್ಲಿ ಅಡಗಿದ್ದು ಮೆಲ್ಲಗೆ ಮರಳಿಗೆ ಒಸರಿ, ಸಂಖ್ಯೆ ಮತ್ತೆ ಏರಬಹುದು.

ಎಲ್ಲ ಮುಗಿದ ಮೇಲೆ ಬಾವಿಯನ್ನ ಹಾಗೇ ಬಿಟ್ಟು ಬರಬೇಡಿ. ಮುಚ್ಚಳ ಮುರಿದ ಹಳೇ ಬಾವಿ ಅಂದರೆ ನೆಲದ ಮೇಲಿನ ಕೊಳೆಗೆ ಅಂತರ್ಜಲದ ತನಕ ನೇರ ಕೊಳವೆ. ಸಣ್ಣ ಪೈಪನ್ನ ತಳದವರೆಗೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ಸಿಮೆಂಟ್-ಬೆಂಟೊನೈಟ್ ಗ್ರೌಟ್ ತುಂಬಿಸಿ. ಮೇಲಿನಿಂದ ಸುರಿದರೆ ನಡುವೆ ಕಟ್ಟಿಕೊಂಡು ಟೊಳ್ಳು ಉಳಿಯುತ್ತೆ. ಮರುದಿನ ಬಂದು ನೋಡಿ, ಗ್ರೌಟ್ ಕುಸಿದಿರುತ್ತೆ. ಮತ್ತೆ ನೆಲಮಟ್ಟಕ್ಕೆ ತುಂಬಿ, ಬಾವಿಯ ನಂಬರು ಮತ್ತು ಎಷ್ಟು ಲೀಟರ್ ಗ್ರೌಟ್ ಹಿಡೀತು ಅಂತ ದಾಖಲೆಯಲ್ಲಿ ಬರೆದಿಡಿ.

[ದೃಶ್ಯ: ಮುಚ್ಚಿದ ಬಾವಿ, ಅದರ ಪಕ್ಕ ಗುರುತಿನ ಗೂಟ]