ತಂತಿಯ ವ್ಯಾಸ: ಅಳೆಯುವ ಸಾಧನದ ಆಯ್ಕೆ

ಸಭಿಕರೆಲ್ಲರಿಗೂ ನಮಸ್ಕಾರ. ಪುಣೆ ಬಳಿಯ ಭೋಸರಿ, ಚಿಂಚವಾಡಗಳ ಕಡೆ ಮೋಟಾರ್ ರಿವೈಂಡಿಂಗ್, ಅಂದರೆ ಮೋಟಾರಿನ ತಂತಿಸುರುಳಿಯನ್ನು ಹೊಸದಾಗಿ ಸುತ್ತುವ ಕೆಲಸದಲ್ಲಿರುವ ನಮ್ಮ ಕನ್ನಡಿಗರು ಈ ಸಭೆಯಲ್ಲಿ ಹಲವರಿದ್ದೀರಿ. ನಿಮ್ಮ ಅಂಗಡಿಗಳಲ್ಲಿ ತಂತಿಗೆ ಮಿಲಿಮೀಟರಿನ ಲೆಕ್ಕವಿರುವುದಿಲ್ಲ. ಮರಾಠಿಯಲ್ಲಿ ‘ಬಾವೀಸ್ ನಂಬರ್’ (22ನೇ ನಂಬರು) ಎಂದರೆ ಸಾಕು, ತಂತಿ ಕೈಗೆ ಬರುತ್ತದೆ. ಬ್ರಿಟನ್ನಿನಲ್ಲಿ 1884ರಲ್ಲಿ ಅಧಿಕೃತವಾದ ಗೇಜ್ ಪದ್ಧತಿಯಿಂದ ಉಳಿದುಬಂದ ಸಂಖ್ಯೆ ಇದು. ಇದರಲ್ಲಿ ನಂಬರು ಏರಿದಂತೆ ತಂತಿ ತೆಳುವಾಗುತ್ತದೆ. ಆ ಪದ್ಧತಿಯಲ್ಲಿ 20ನೇ ನಂಬರಿನ ತಂತಿ 0.914 ಮಿ.ಮೀ. ಆದರೆ, ಅಮೆರಿಕದ ಪದ್ಧತಿಯಲ್ಲಿ ಅದೇ 20ನೇ ನಂಬರು 0.812 ಮಿ.ಮೀ. ಆಗಿರುವುದರಿಂದ, ಹೊರದೇಶದ ಯಂತ್ರವನ್ನು ಬಿಚ್ಚಿದಾಗ ನಂಬರನ್ನು ನಂಬದೆ ವ್ಯಾಸವನ್ನು ಅಳೆಯುವುದೇ ಸರಿ.

ಯಾವುದರಿಂದ ಅಳೆಯಬೇಕು? ಸಾಮಾನ್ಯವಾಗಿ ಕೈಗೆ ಸಿಗುವ ವರ್ನಿಯರ್ ಕ್ಯಾಲಿಪರ್ಸ್‌ನ ಲೀಸ್ಟ್ ಕೌಂಟ್, ಅಂದರೆ ಅದು ಓದಿ ಹೇಳಬಲ್ಲ ಅತಿ ಸಣ್ಣ ಅಳತೆ, 0.02 ಮಿ.ಮೀ., ಸ್ಕ್ರೂ ಗೇಜ್‌ನದು 0.01 ಮಿ.ಮೀ. ಈ ಎರಡು ಅಂಕಿಗಳನ್ನಷ್ಟೇ ನೋಡಿ ಆಯ್ಕೆ ಮಾಡಿದರೆ ಸಾಲದು. ತಂತಿ ಎಷ್ಟು ತೆಳುವಾಗಿದೆ, ಅಳತೆಯಿಂದ ಮುಂದೆ ಏನನ್ನು ಲೆಕ್ಕ ಹಾಕಬೇಕು ಎಂಬುದನ್ನೂ ನೋಡಬೇಕು. ತಂತಿಯ ರೋಧ, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ, ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಬದ್ಧವಾದದ್ದು, ಆ ವಿಸ್ತೀರ್ಣವೋ ವ್ಯಾಸದ ವರ್ಗಕ್ಕೆ ಬದ್ಧವಾದದ್ದು; ಹಾಗಾಗಿ ವ್ಯಾಸದಲ್ಲಿ ಆದ ಸಣ್ಣ ತಪ್ಪು ರೋಧದಲ್ಲಿ ಇಮ್ಮಡಿಯಾಗುತ್ತದೆ. 2 ಮಿ.ಮೀ. ತಂತಿಗೆ ವರ್ನಿಯರ್ 0.02ರಷ್ಟು ತಪ್ಪಿದರೆ ವ್ಯಾಸದಲ್ಲಿ ಶೇಕಡಾ 1, ರೋಧದಲ್ಲಿ ಶೇಕಡಾ 2, ಅಷ್ಟನ್ನು ಸಹಿಸಬಹುದು. 0.2 ಮಿ.ಮೀ. ತಂತಿಗೆ ಅದೇ ತಪ್ಪು ವ್ಯಾಸದಲ್ಲಿ ಶೇಕಡಾ 10, ರೋಧದಲ್ಲಿ ಸುಮಾರು ಶೇಕಡಾ 20. ಅಲ್ಲಿ ಸ್ಕ್ರೂ ಗೇಜ್ ಬಳಸಿದರೂ ತಪ್ಪು ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಮಾಯವಾಗುವುದಿಲ್ಲ.

ಅಂಥ ತೆಳು ತಂತಿಗೆ ನನ್ನ ಒಲವು ಅಕ್ಕಸಾಲಿಗರ ತಕ್ಕಡಿಯ ಕಡೆಗೆ. ನಗಬೇಡಿ. ಲೇಪವಿಲ್ಲದ 0.2 ಮಿ.ಮೀ. ತಾಮ್ರದ ತಂತಿಯನ್ನು ನಿಖರವಾಗಿ 10 ಮೀಟರ್ ಕತ್ತರಿಸಿ ತೂಗಿದರೆ ಸುಮಾರು 2.81 ಗ್ರಾಂ ಬರುತ್ತದೆ. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ ಎಂದು ತಿಳಿದಿರುವುದರಿಂದ ತೂಕದಿಂದ ವ್ಯಾಸವನ್ನು ಲೆಕ್ಕ ಹಾಕಬಹುದು. ಇಲ್ಲಿ ವರ್ಗ ನಮ್ಮ ವಿರುದ್ಧವಲ್ಲ, ನಮ್ಮ ಪರ: ತೂಕದಲ್ಲಿ 0.01 ಗ್ರಾಂ ತಪ್ಪಿದರೂ ವ್ಯಾಸದಲ್ಲಿ ಅದರಿಂದಾಗುವ ತಪ್ಪು ಅರ್ಧ ಮೈಕ್ರಾನನ್ನು (0.0005 ಮಿ.ಮೀ.) ಮುಟ್ಟುವುದಿಲ್ಲ. ಆದರೆ ತಕ್ಕಡಿ ಹೇಳುವುದು ಸರಾಸರಿಯನ್ನು ಮಾತ್ರ. ತಂತಿ ಎಲ್ಲೋ ಒಂದೆಡೆ ಎಳೆದು ಸಣ್ಣದಾಗಿದ್ದರೆ ಅದನ್ನು ಸ್ಕ್ರೂ ಗೇಜೇ ಹಿಡಿಯಬೇಕು. ಪೆನ್ಸಿಲಿಗೆ ಒತ್ತೊತ್ತಾಗಿ 50 ಸುತ್ತು ಸುತ್ತಿ ಅಗಲವನ್ನು ಭಾಗಿಸುವ ಶಾಲೆಯ ಉಪಾಯವೂ ಇದೆ. ಸುತ್ತುಗಳ ನಡುವೆ ಸಂದು ಬಿಡದಿದ್ದರೆ ಅದೂ ಕೆಟ್ಟದ್ದಲ್ಲ.

ಅಂಚಿನ ಸುತ್ತ ನಂಬರು ಬರೆದ ಸೀಳುಗಳಿರುವ, ಬಿಲ್ಲೆಯಂಥ ಗೇಜ್ ಪ್ಲೇಟಿನ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ: ಅದರಲ್ಲಿ ಅಳತೆಯಿರುವುದು ಅಂಚಿನ ಸೀಳಿನಲ್ಲಿ, ಒಳಗಿನ ದುಂಡು ತೂತಿನಲ್ಲಲ್ಲ.

ಇನ್ನು ರಿವೈಂಡಿಂಗ್‌ನವರು ಹೆಚ್ಚು ಎಡವುವ ಜಾಗ. 22ನೇ ನಂಬರಿನ ಬರಿ ತಾಮ್ರ 0.711 ಮಿ.ಮೀ.; ಎನಾಮಲ್ ಲೇಪದೊಡನೆ ಅಳೆದರೆ 0.75ರ ಆಚೆಗೂ ಹೋಗಬಹುದು. ಆ ಅಂಕಿಯನ್ನೇ ಹಿಡಿದು 0.813 ಮಿ.ಮೀ.ನ 21ನೇ ನಂಬರನ್ನು ತಂದರೆ, ತಾಮ್ರದ ವಿಸ್ತೀರ್ಣ ಸುಮಾರು ಶೇಕಡಾ 30 ಹೆಚ್ಚಾಗಿ, ಅಷ್ಟೇ ಸುತ್ತುಗಳು ಮೋಟಾರಿನೊಳಗೆ ತಂತಿ ಕೂರುವ ಸ್ಲಾಟಿನಲ್ಲಿ ಹಿಡಿಸುವುದು ಕಷ್ಟ. ಆದ್ದರಿಂದ ತುದಿಯ ಲೇಪವನ್ನು ಸುಟ್ಟು, ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಅಳೆಯಿರಿ. ಬ್ಲೇಡಿನಿಂದ ಕೆರೆದರೆ ಲೇಪದ ಜೊತೆ ತಾಮ್ರವೂ ಹೋಗುತ್ತದೆ. ಮೊದಲು ಸ್ಕ್ರೂ ಗೇಜನ್ನು ಖಾಲಿ ಮುಚ್ಚಿ ಶೂನ್ಯ ದೋಷವನ್ನು, ಅಂದರೆ ಸೊನ್ನೆಯ ಬದಲು ಅದು ತೋರುವ ಅಂಕಿಯನ್ನು, ಬರೆದುಕೊಳ್ಳಿ. ತಿರುಗಿಸುವಾಗ ಗೇಜಿನ ತುದಿಯಲ್ಲಿರುವ, ಬಿಗಿ ಹೆಚ್ಚಾದರೆ ತಾನಾಗಿ ಜಾರುವ ರ‍್ಯಾಚೆಟ್ಟನ್ನೇ ಹಿಡಿಯಿರಿ, ಏಕೆಂದರೆ ಮೆತ್ತನೆಯ ತಾಮ್ರ ಬಲದ ಕೈಗೆ ಸಿಕ್ಕರೆ ಚಪ್ಪಟೆಯಾಗುತ್ತದೆ. ಒಂದೇ ಜಾಗದಲ್ಲಿ ತಂತಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಎರಡು ಅಳತೆಗಳು ಹೊಂದದಿದ್ದರೆ ತಂತಿ ದುಂಡಗಿಲ್ಲ. ಅರ್ಧ ಮಿಲಿಮೀಟರಿನ ಗೆರೆಯನ್ನು ಕಾಣದೆ 0.71ನ್ನು 0.21 ಎಂದು ಓದುವವರು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಸಿಗುತ್ತಾರೆ.

ಮೇಜಿನ ಮೇಲೆ ಒಂದು ಸುರುಳಿ ತಂತಿ, ಎರಡು ಸ್ಕ್ರೂ ಗೇಜ್, ಒಂದು ಮೇಣದಬತ್ತಿ ಇಟ್ಟಿದ್ದೇನೆ. ಸುರುಳಿಯ ಚೀಟಿಯನ್ನು ಕಿತ್ತಿದ್ದೇನೆ. ನಂಬರು ಎಷ್ಟೆಂದು ನೀವೇ ಬಂದು ಅಳೆದು ಹೇಳಿ.